ಹನ್ನೆರಡನೆಯ ತೂತು

ಆ ತೂತನ್ನು ನಾನೇ ಕೊರೆದು ಮರೆತೆನೇ? ಇಲ್ಲ. ಮಸಾಯ ಪಟ್ಟಣದಲ್ಲಿ ತೂಗುಕುರ್ಚಿ ಮಾಡುವ ನಾವು ಬೆತ್ತ ಹೆಣೆಯುವ ಚೌಕಟ್ಟಿನ ಕೊನೆಯ ತೂತನ್ನು ಮರುದಿನಕ್ಕೇ ಉಳಿಸುತ್ತೇವೆ. ನಾಳೆಗೆ ಕೆಲಸವಿರುವವನನ್ನು ಸಾವು ಕರೆಯುವುದಿಲ್ಲ ಎಂದು ನನಗೆ ಕಲಿಸಿದವರು ಮೇಸ್ತ್ರಿ ಕಾಸ್ತೊ.

ಅವರು ತೀರಿಕೊಂಡು ವರ್ಷವಾದ ಮೇಲೆ ಅವರ ಆಳೆತ್ತರದ ಡ್ರಿಲ್ಲಿಂಗ್ ಮೆಷಿನ್ ಕೊಳ್ಳುವ ಮುನ್ನ ಪರೀಕ್ಷಿಸಲು ಹೋದೆ. ನಾವೆಲ್ಲ ಗೌರವದಿಂದ ದೊನ್ಯಾ ಎನ್ನುವ ಅವರ ಹೆಂಡತಿ ಎರ್ಮೆಲಿಂಡಾ ಬಾಗಿಲು ತೆರೆದರು.

"ನೋಡಪ್ಪ ಎಲಿಸಿಯೊ, ಬರೀ ಕಬ್ಬಿಣ ಆಗಿದ್ರೆ ತಗೊಂಡ್ಹೋಗು. ಆ ಮುದುಕ ಚೂರಾದ್ರೂ ಅದ್ರಲ್ಲಿ ಉಳಿದಿದ್ರೆ ಕೊಡಲ್ಲ. ನಲವತ್ತು ವರ್ಷ ನನಗಿಂತ ಅದನ್ನೇ ಹೆಚ್ಚು ಮುಟ್ಟಿದ್ದ!"

ನಡುಮಧ್ಯಾಹ್ನ. ಮೆಷಿನ್ನಿನ ಕಂಬ ತಣ್ಣಗಿತ್ತು. ಹಿಡಿ ಮಾತ್ರ ಯಾರೋ ಈಗಷ್ಟೇ ಕೈಬಿಟ್ಟಂತೆ ಬೆಚ್ಚಗಿತ್ತು. ಹಲಗೆಯ ಮೇಲೆ ಹನ್ನೆರಡು ಗುರುತು ಹಾಕಿ ಹನ್ನೊಂದನ್ನು ಕೊರೆದೆ. ಕೊರೆಯುವ ಬಿಟ್ ಕೂದಲೆಳೆಯಷ್ಟೂ ಅಲುಗಲಿಲ್ಲ. ಅಭ್ಯಾಸದಂತೆ ಒಂದನ್ನು ಉಳಿಸಿ, ಪ್ಲಗ್ ಕಿತ್ತು, ಅಂಗಳದಲ್ಲಿ ಕಾಫಿಗೆ ಕುಳಿತೆ. ಒಳಗಿನಿಂದ ಸದ್ದು ಬರಲಿಲ್ಲ. ಹೊಸದಾಗಿ ಕೊರೆದ ಮರದ ವಾಸನೆ ಮಾತ್ರ ಮತ್ತೊಮ್ಮೆ ತೇಲಿ ಬಂತು.

ಮರಳಿ ಹೋದಾಗ ಹಲಗೆಯಲ್ಲಿ ಹನ್ನೆರಡೂ ತೂತುಗಳಿದ್ದವು. ಪ್ಲಗ್ ನೆಲದಲ್ಲೇ ಬಿದ್ದಿತ್ತು. ಬಿಟ್ ಬೆರಳು ಸುಡುವಷ್ಟು ಬಿಸಿಯಿತ್ತು.

"ಏನಪ್ಪ, ಇದಾನಾ?" ದೊನ್ಯಾ ಬಾಗಿಲಲ್ಲೇ ನಿಂತು ಕೇಳಿದರು.

ಅಷ್ಟು ನೇರವಾಗಿ ಕೊರೆಯುವ ಮೆಷಿನ್ ನನಗೆ ಇನ್ನೆಲ್ಲೂ ಸಿಗುತ್ತಿರಲಿಲ್ಲ.

"ಬರೀ ಕಬ್ಬಿಣ, ದೊನ್ಯಾ," ಅಂದೆ.

ಈಗ ಅದು ನನ್ನ ಅಂಗಡಿಯಲ್ಲಿದೆ. ನಾನು ಉಳಿಸಿಟ್ಟ ತೂತು ಬೆಳಗಾಗುವಷ್ಟರಲ್ಲಿ ಕೊರೆದಾಗಿರುತ್ತದೆ. ದೊನ್ಯಾ ಭಾನುವಾರ ಬಂದಾಗ ಹಿಡಿಯ ಮೇಲೆ ಕೈಯಿಟ್ಟು, "ನಿನ್ನ ಅಂಗಡೀಲಿ ಸೆಕೆ ಜಾಸ್ತಿ ಕಣಪ್ಪ," ಎನ್ನುತ್ತಾರೆ.

ಅಂದು ನಾನು ಕೊರೆದದ್ದು ಹನ್ನೊಂದೇ ಎಂದು ಅವರಿಗೆ ಎಂದೂ ಹೇಳಲಿಲ್ಲ.