ಸಮುದ್ರದ ಹಾಡೆಂಬ ಸುಳ್ಳು

ಅದು ಸಮುದ್ರದ ಹಾಡು ಎಂದು ಚಂದ್ರಭಾಗಾ ಸುಳ್ಳು ಹೇಳಿದಳು.

"ಸಮುದ್ರದ್ದಾ?" ಅಂಬಾರಾಯ ಕ್ಲಾರಿನೆಟ್ಟನ್ನು ತುಟಿಯಿಂದ ಇಳಿಸಿದ. "ಧಾಟಿ ಕೇಳಿದ್ರ ಹಂಗ ಅನ್ನಸಂಗಿಲ್ಲರಿ, ಬಾಯಾರ. ಯಾರೋ ಯಾರನ್ನೋ ಕರದಂಗ ಐತಿ."

"ಸಮುದ್ರಾನ ಕರ್ಯಾಕತ್ತಾರ," ಎಂದಳು ಅವಳು, ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ.

"ಕರದ್ರ ಬರ್ತೈತೇನ್ರಿ ಸಮುದ್ರ?"

ಅವನು ನಗದೆ ಕೇಳಿದ. ಆದರೆ ಕಣ್ಣು ನಗುತ್ತಿದ್ದವು. ಚಂದ್ರಭಾಗಾ ಗ್ರಾಮೋಫೋನಿನ ಮೇಲೆ ಬಾಗಿ, ಇಲ್ಲದ ಧೂಳನ್ನು ಒರೆಸಿದಳು.

ಅದು ೧೯೫೮ರ ಚಳಿಗಾಲ. ಸೋಲಾಪುರದ ಹೆಣ್ಣುಮಕ್ಕಳ ಟ್ರೇನಿಂಗ್ ಕಾಲೇಜಿನಲ್ಲಿ ಗ್ಯಾದರಿಂಗಿನ, ಅಂದರೆ ವಾರ್ಷಿಕೋತ್ಸವದ, ತಯಾರಿ ನಡೆದಿತ್ತು. ಇಂಗ್ಲಿಷ್ ಕಲಿಸುವ ಕಸ್ತೂರಬಾಯಿ ಟೀಚರ್ ಒಂದು ರೆಕಾರ್ಡು ತಂದಿದ್ದರು. ಹಡಗಿನಲ್ಲಿ ಕೆಲಸ ಮಾಡುವ ಅವರ ತಮ್ಮ ಅದನ್ನು ಮುಂಬೈಯಲ್ಲಿಳಿದಾಗ ಕೊಟ್ಟಿದ್ದ. ಮೆಕ್ಸಿಕೋ ದೇಶದ ಮೂವರು ಗಂಡಸರು ಗಿಟಾರು ಹಿಡಿದು ಹಾಡಿದ ಹಾಡು. ಅದುವರೆಗೆ ತಮ್ಮ ಸ್ಪ್ಯಾನಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಹಾಡದವರು ಮೊದಲ ಸಲ ಇಂಗ್ಲಿಷಿನಲ್ಲಿ ಹಾಡಿದ್ದರು. ಅವರ ಇಂಗ್ಲಿಷೂ ಚಂದ್ರಭಾಗಾಳ ಇಂಗ್ಲಿಷಿನ ಹಾಗೇ ಹೆಜ್ಜೆ ಹೆಜ್ಜೆಗೂ ಎಡವುತ್ತಿತ್ತು. ಅದಕ್ಕೇ ಇರಬೇಕು, ಅವಳಿಗೆ ಆ ಹಾಡು ಒಮ್ಮೆಗೇ ಬಾಯಿಗೆ ಬಂತು.

ಹಾಡು ಅವಳದು. ಜೊತೆಗೆ ಊದಲು ಕರೆಸಿದ್ದು ಅಂಬಾರಾಯನನ್ನು. ಅವನು ಗಿರಣಿಯಲ್ಲಿ ಮೊದಲ ಪಾಳಿ ಮುಗಿಸಿ ಬರುತ್ತಿದ್ದ, ತಲೆಗೂದಲಲ್ಲಿ ಹತ್ತಿಯ ಎಳೆ ಅಂಟಿಸಿಕೊಂಡು. ಮದುವೆಯ ದಿನಗಳಲ್ಲಿ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದ. ಒಮ್ಮೆ ಕೇಳಿದ ಧಾಟಿ ಅವನಿಗೆ ಮರೆಯುತ್ತಿರಲಿಲ್ಲ. ಆದರೆ ಇಂಗ್ಲಿಷ್ ಬಾರದು.

ಅವಳಿಗೆ ಅಷ್ಟೇ ಗೊತ್ತಿದ್ದರೆ ಸಾಕಿತ್ತು. ಆದರೆ ಅವನ ಮನೆಯವರು ಎರಡು ವರ್ಷದ ಹಿಂದೆ ಬೌದ್ಧರಾದವರು ಎಂಬುದೂ, ಅದಕ್ಕೆ ಮೊದಲು ಊರು ಅವರನ್ನು ಯಾವ ಹೆಸರಿನಿಂದ ಕರೆಯುತ್ತಿತ್ತು ಎಂಬುದೂ ಅವಳಿಗೆ ಗೊತ್ತಾಗಿತ್ತು. ಅವಳು ಅಕ್ಕಲಕೋಟೆಯ ಹತ್ತಿರದ ಹಳ್ಳಿಯ ಕುರಿಗಾರರ ಮನೆಯ ಹುಡುಗಿ. ಹಿಂದಿನ ವರ್ಷ ಪಕ್ಕದ ಊರಿನ ರೇವಮ್ಮ ಎಂಬ ಹುಡುಗಿ ಹೀಗೇ ಬೇರೆ ಜಾತಿಯವನೊಬ್ಬನ ಮೇಲೆ ಮನಸ್ಸು ಮಾಡಿದ್ದಳು. ಅವಳು ಬಾವಿಯಲ್ಲಿ ಸಿಕ್ಕಳು. ಕಾಲು ಜಾರಿತು ಎಂದರು ಅವಳ ಮನೆಯವರು. ಯಾರೂ ನಂಬಲಿಲ್ಲ, ಯಾರೂ ಕೇಳಲೂ ಇಲ್ಲ.

ಆದ್ದರಿಂದ ಅದು ಸಮುದ್ರದ ಹಾಡು.

ಆ ಸುಳ್ಳು ಬಾಳಿದ್ದು ಕೆಲವೇ ದಿನ. ಒಂದು ಮಧ್ಯಾಹ್ನ ತಾಲೀಮಿನ ನಡುವೆ ಕಸ್ತೂರಬಾಯಿ ಟೀಚರ್ ಮೇಜು ಬಡಿದರು. "ಚಂದ್ರಭಾಗಾ! ಎರಡೊಂದ್ಲೆ ಎರಡು ಅಂತ ಪಾಢೇ ಹೇಳಿದಂಗ ಹಾಡಬ್ಯಾಡ. ಇದು ಪ್ರೀತಿ ಹಾಡು. ಒಬ್ಬಾಂವ ಒಬ್ಬಾಕಿಗೆ ಮನಸ್ಸು ಬಿಚ್ಚಿ ಹೇಳಾಕತ್ಯಾನ. ಜರಾ ಮಾರಿ ಮ್ಯಾಲೆ ಬರಲಿ ಅದು."

ಕ್ಲಾರಿನೆಟ್ ಒಂದು ಸ್ವರದಲ್ಲಿ ತಪ್ಪಿತು. ಅವನು ಎಂದೂ ತಪ್ಪಿದವನಲ್ಲ.

ಟೀಚರ್ ಹೊರಗೆ ಹೋದದ್ದೇ ತಡ, ಅವನು ಬೇರೆ ಕಡೆ ನೋಡುತ್ತಾ ಮೆಲ್ಲಗೆ ಕೇಳಿದ. "ಸಮುದ್ರ ಎಲ್ಲೈತ್ರಿ, ಬಾಯಾರ?"

ಅವಳ ಕಿವಿಯ ತುದಿ ಕೆಂಪಾಯಿತು.

"ಸುಳ್ಳ ಯಾಕ ಹೇಳಿದ್ರಿ?"

"ಅಂಜಿ."

"ಹಾಡಿಗ್ಯಾಕ ಅಂಜೂದು?"

"ಹಾಡಿಗಲ್ಲರಿ, ಮಾಸ್ತರ." ಅವಳು ಮೊದಲ ಸಲ ಅವನನ್ನು ನೇರ ನೋಡಿದಳು. "ನಿಮ್ಮ ಮಾರಿ ನೋಡಿ ಅದರ ಅರ್ಥಾ ಹೇಳೂದಕ್ಕ."

ಅವನು ಕ್ಲಾರಿನೆಟ್ಟಿನ ಬಾಯನ್ನು ಅಂಗಿಯ ತುದಿಯಿಂದ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ನನಗೂ ಅಂಜಿಕಿ ಐತ್ರಿ," ಎಂದ ಕೊನೆಗೆ. "ನಿಮಗಿಂತ ಹೆಚ್ಚ. ನಾ ತಪ್ಪಿದ್ರ ನನ್ನೊಬ್ಬನ್ನ ಬಡ್ಯಂಗಿಲ್ಲ ನಿಮ್ಮ ಊರವರು. ನಮ್ಮ ಓಣಿಗೇ ಬರ್ತಾರ."

ಮರುದಿನ ಅವನು ಬರಲಾರ ಎಂದುಕೊಂಡಳು. ಬಂದ. ತಲೆ ನೀಟಾಗಿ ಬಾಚಿಕೊಂಡಿದ್ದ. ಹತ್ತಿಯ ಒಂದೆಳೆ ಮಾತ್ರ ಕಿವಿಯ ಹಿಂದೆ ಉಳಿದಿತ್ತು. ಅದನ್ನು ತೆಗೆಯಲು ಅವಳ ಬೆರಳು ಎದ್ದು, ದಾರಿಯಲ್ಲೇ ನಿಂತು, ಕೆಳಗಿಳಿಯಿತು. ಅವನು ಕಂಡ. ತಾನೇ ತೆಗೆದುಕೊಂಡ, ನಾಚಿಕೊಂಡು.

ಗ್ಯಾದರಿಂಗಿಗೆ ಅವಳ ಅಣ್ಣ ಹಣಮಂತಪ್ಪ ಬಂದ. ತಂದೆ ತೀರಿದ ಮೇಲೆ ಕುರಿ, ಹೊಲ ಎರಡನ್ನೂ ನಡೆಸಿ ತಂಗಿಯನ್ನು ಓದಿಸುತ್ತಿದ್ದವನು ಅವನೇ. ಹೊಸ ರುಮಾಲು ಸುತ್ತಿ ಮುಂದಿನ ಸಾಲಿನಲ್ಲಿ ಕೂತಿದ್ದ, ತಂಗಿ ಇಂಗ್ಲಿಷ್ ಹಾಡುವುದನ್ನು ನೋಡಲು.

ಅವಳು ಹಾಡಿದಳು. ಕಣ್ಣನ್ನು ಎದುರಿನ ಗೋಡೆಗೆ ನೆಟ್ಟಿದ್ದಳು, ಎಲ್ಲೂ ಕದಲಿಸಬಾರದೆಂದು. ಆದರೆ ಕೊನೆಯ ನುಡಿಗೆ ಮೊದಲು ಕ್ಲಾರಿನೆಟ್ ಒಂದೇ ಮೇಲೇರಿ, ಇನ್ನೇನು ಮುರಿಯಿತು ಎನ್ನುವಲ್ಲಿ ತಡೆದು ನಿಂತಿತು. ಅವಳು ತಿರುಗಿ ನೋಡಿದಳು. ಅವನೂ ನೋಡಿದ. ಅಷ್ಟೇ.

ಜನ ಚಪ್ಪಾಳೆ ತಟ್ಟಿದರು. ಹಣಮಂತಪ್ಪ ತಟ್ಟಲಿಲ್ಲ. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ತಂಗಿಯ ಮುಖ ಮಾತ್ರ ಹುಟ್ಟಿದಂದಿನಿಂದ ಗೊತ್ತಿತ್ತು.

"ಮುಂಜಾನಿ ಊರಿಗೆ ಹೋಗೂದೈತಿ. ಗಂಟು ಕಟ್ಟು," ಎಂದಷ್ಟೇ ಹೇಳಿದ.

ಬೆಳಗಿನ ಗಾಡಿ ಸೋಲಾಪುರ ಬಿಟ್ಟಿತು. ಅಣ್ಣ ಎದುರಿಗೆ ಕೂತಿದ್ದ, ಕೋಲನ್ನು ಮೊಣಕಾಲ ನಡುವೆ ಹಿಡಿದು. ಕಿಟಕಿಯಾಚೆ ಜೋಳದ ಹೊಲಗಳು ಹಿಂದೆ ಓಡುತ್ತಿದ್ದವು. ಹೋಟಗಿ, ಆಮೇಲೆ ಅಕ್ಕಲಕೋಟೆ ರೋಡ್, ಅಲ್ಲಿಂದ ಎತ್ತಿನ ಗಾಡಿ, ಆಮೇಲೆ ಊರು. ಊರಿನ ದಾರಿಯಲ್ಲಿ ಬಾವಿಗಳಿದ್ದವು. ಅವಳು ಎಣಿಸಬಾರದೆಂದುಕೊಂಡರೂ ಮನಸ್ಸು ಅವನ್ನು ಒಂದೊಂದಾಗಿ ನೆನೆಯುತ್ತಿತ್ತು.

"ಆ ಊದಾಂವ ಮುಂದಿನ ಡಬ್ಬಿಯೊಳಗ ಅದಾನ," ಎಂದ ಹಣಮಂತಪ್ಪ ಇದ್ದಕ್ಕಿದ್ದಂತೆ. "ಹತ್ತೂದು ನೋಡೀನಿ."

ಅವಳು ತಟ್ಟನೆ ಕಿಟಕಿಯತ್ತ ತಿರುಗಿದಳು.

"ನಿನ್ನಿ ಏನ ಹಾಡಿದಿ? ಅರ್ಥಾ ಹೇಳು."

ಸಮುದ್ರದ ಹಾಡು ಎನ್ನಬಹುದಿತ್ತು. ದೇವರ ಹಾಡು ಎಂದರೂ ನಡೆಯುತ್ತಿತ್ತು. ಅವಳು ಅಣ್ಣನ ಕೈಗಳನ್ನು ನೋಡಿದಳು. ಕೋಲು ಹಿಡಿದ ಗಿಣ್ಣುಗಳು ಬಿಳುಚಿಕೊಂಡಿದ್ದವು.

"ಒಬ್ಬಾಂವ ಹೇಳಾಕತ್ಯಾನ," ಎಂದಳು. ದನಿ ತನ್ನದಲ್ಲವೆನ್ನಿಸಿತು. "ನಿನ್ನ ಮಾತು ನನಗ ಬರ್ತಿರಲಿಲ್ಲ. ಒಂದ ಒಂದು ಸಂಗ್ತಿ ಹೇಳಾಕ ಅಂತ ಕಲತೀನಿ. ತಪ್ಪಿದ್ರ ನಗು. ಸಿಟ್ಟು ಬಂದ್ರ ಹೊರಗ ಹಾಕು. ಆದ್ರ ಪೂರಾ ಕೇಳು, ಅಂತಾನ."

"ಏನದು ಸಂಗ್ತಿ?"

"ನೀ ಬೇಕು ಅಂತ."

"ಅದು ಹಾಡಿಂದು. ನಿಂದೇನು?"

"ನಂದೂ ಅದ, ಅಣ್ಣಾ."

ಅವಳು ಕಣ್ಣು ಮುಚ್ಚಿ ಏಟಿಗೆ ಕಾದಳು. ಏಟು ಬರಲಿಲ್ಲ. ಕಣ್ಣು ತೆರೆದಾಗ ಹಣಮಂತಪ್ಪ ಕಿಟಕಿಯ ಸರಳಿಗೆ ಹಣೆ ಹಚ್ಚಿದ್ದ.

"ರೇವಮ್ಮನ್ನ ಬಾವಿಯಿಂದ ಎತ್ತಿದಾಂವ ನಾನು," ಎಂದ. "ಇಳ್ಯಾಕ ಬ್ಯಾರೆ ಯಾರೂ ತಯಾರಿರಲಿಲ್ಲ. ಆಕಿ ಕೈಯಾಗಿನ ಬಳಿ ಒಂದೂ ಒಡದಿರಲಿಲ್ಲ, ಚಂದ್ರಾ. ಜಾರಿ ಬಿದ್ದಾಕಿ ಕೈ ಬಡಕೊಂತಾಳ. ಆಕಿ ಬಡಕೊಂಡಿಲ್ಲ, ಬೀಳೂದಕ್ಕ ಮೊದಲ ಸತ್ತಿದ್ಲು." ಅವನು ತಂಗಿಯತ್ತ ತಿರುಗಿದ. "ಊರಾಗ ಮಂದಿ ಕೂಡತೈತಿ. ನಿಮ್ಮ ಮನಿ ಮರ್ಯಾದಿ ನೀನ ತೊಳಿ ಅಂತ ನನಗ ಹೇಳ್ತಾರ. ನನ್ನ ಕೈಲೆ ಮಾಡಸ್ತಾರ."

ಗಾಡಿ ಹೋಟಗಿಯಲ್ಲಿ ನಿಂತಿತು. ಅವನು ಎದ್ದು ಅವಳ ಗಂಟನ್ನು ಪ್ಲಾಟ್‌ಫಾರ್ಮಿಗೆ ಇಳಿಸಿದ.

"ಇಳಿ."

"ಅಣ್ಣಾ..."

"ಇಳಿ ಅಂದೆ! ಊರಿಗೆ ಬರಬ್ಯಾಡ. ಈ ವರ್ಷ ಅಷ್ಟ ಅಲ್ಲ, ಎಂದೂ ಬರಬ್ಯಾಡ. ಅವ್ವಗ ನಾ ಹೇಳ್ತೀನಿ." ಏನು ಹೇಳುತ್ತಾನೆಂದು ಅವನಿಗೂ ಗೊತ್ತಿರಲಿಲ್ಲ.

ಗಾಡಿ ಹೊರಟಿತು. ಅವನು ಬಾಗಿಲಲ್ಲಿ ನಿಲ್ಲಲಿಲ್ಲ. ಕಿಟಕಿಯಲ್ಲೂ ಕಾಣಲಿಲ್ಲ.

ಅವಳು ಇಳಿದದ್ದನ್ನು ಕಂಡು ಅಂಬಾರಾಯ ಚಲಿಸುವ ಗಾಡಿಯಿಂದಲೇ ಹಾರಿದ್ದ. ಅಂಗೈ ತರಚಿತ್ತು. ಓಡಿ ಬಂದವನು ಅವಳಿಂದ ತುಸು ದೂರದಲ್ಲೇ ನಿಂತುಬಿಟ್ಟ, ಹತ್ತಿರ ಬರಬಹುದೋ ಇಲ್ಲವೋ ಎಂಬಂತೆ.

"ನಿಮ್ಮಣ್ಣಾರು ತಿರುಗಿ ಬರ್ತಾರೇನು? ಮಂದಿನ ಕರಕೊಂಡು?"

"ಗೊತ್ತಿಲ್ಲ."

"ಅಂಜಿಕಿ ಆಗ್ತೈತೇನ್ರಿ?"

"ಹ್ಞೂಂ. ನಿಮಗ?"

"ನನಗೂ ಆಗ್ತೈತ್ರಿ." ಅವನು ನಗಲು ನೋಡಿದ, ಆಗಲಿಲ್ಲ. "ನಮ್ಮವ್ವಗೂ ಅಂಜಿಕಿ ಆಗ್ತೈತಿ. ಆದ್ರ ಬಾಗಲಾ ತೆಗೀತಾಳ. ಬರ್ತೀರೇನು?"

ಅವಳು ಅವನ ತರಚಿದ ಕೈಯನ್ನು ಹಿಡಿದಳು, ಹಗಲು ಬೆಳಕಿನಲ್ಲಿ, ನಾಲ್ಕು ಜನರ ಎದುರಿಗೆ. "ಬರ್ತೀರೇನು ಅನ್ನಬ್ಯಾಡ್ರಿ," ಎಂದಳು. "ಬಾ ಅನ್ರಿ."

"ಬಾ," ಎಂದ ಅವನು.

ರಿಜಿಸ್ಟರ್ ಮದುವೆಗೆ ಅರ್ಜಿ ಕೊಟ್ಟು ತಿಂಗಳು ಕಾಯಬೇಕಿತ್ತು. ಆ ತಿಂಗಳು ವಿಜಾಪುರ ರಸ್ತೆಯ ಕಡೆಯ ಅಂಬಾರಾಯನ ಪುಟ್ಟ ಮನೆಯಲ್ಲಿ ಅವಳು ಅವನ ತಾಯಿ ಭಾಗಾಬಾಯಿಯ ಪಕ್ಕದಲ್ಲಿ ಮಲಗಿದಳು. ಅವನು ಗಿರಣಿಯ ಗೆಳೆಯನ ಖೋಲಿಯಲ್ಲಿ. ಬೀದಿಯಲ್ಲಿ ಯಾರ ಚಪ್ಪಲಿ ಸದ್ದಾದರೂ ಭಾಗಾಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸುತ್ತಿದ್ದಳು. ಸದ್ದು ದಾಟಿದ ಮೇಲೆ, "ತಿನ್ನವ್ವಾ, ಆರತೈತಿ," ಎನ್ನುತ್ತಿದ್ದಳು.

ಮದುವೆಯ ದಿನ ಕಚೇರಿಯಲ್ಲಿ ಕಸ್ತೂರಬಾಯಿ ಟೀಚರ್, ಭಾಗಾಬಾಯಿ, ಗಿರಣಿಯ ಗೆಳೆಯ ಸಾಕ್ಷಿಗೆ ಬಂದಿದ್ದರು. ರಿಜಿಸ್ಟ್ರಾರ್ ಸಾಹೇಬರು ಹೆಸರು ಕರೆಯುವಷ್ಟರಲ್ಲಿ ಬಾಗಿಲಿಗೆ ಯಾರೋ ಅಡ್ಡ ಬಂದರು. ಒಳಗೆ ಕತ್ತಲಾಯಿತು.

ರುಮಾಲು, ಕಂಬಳಿ, ಕೋಲು. ಹಣಮಂತಪ್ಪ.

ಅಂಬಾರಾಯ ಅವಳ ಮುಂದೆ ಬಂದು ನಿಂತ. ಭಾಗಾಬಾಯಿ ಮಗನ ತೋಳು ಹಿಡಿದಳು.

"ಊರಾಗ ಮಂದಿಗೆ ಮದುವಿ ದಿನ ಗೊತ್ತಾಗೈತಿ," ಎಂದ ಹಣಮಂತಪ್ಪ. "ಮಧ್ಯಾಹ್ನದ ಗಾಡಿಗೆ ಬರ್ತಾರ. ನಾ ಮುಂಜಾನಿ ಗಾಡಿಗೆ ಬಂದೀನಿ."

"ಅಣ್ಣಾ, ನೀನೂ..."

"ನಾ ಸಹಿ ಮಾಡಂಗಿಲ್ಲ. ಅಕ್ಷತೆ ಹಾಕಂಗಿಲ್ಲ. ಏನೂ ಕೇಳಬ್ಯಾಡ."

ಅವನು ಅವರಿಗೆ ಬೆನ್ನು ಮಾಡಿ ಹೊಸ್ತಿಲ ಮೇಲೆ ನಿಂತ. ಕೋಲನ್ನು ಚೌಕಟ್ಟಿಗೆ ಅಡ್ಡ ಹಿಡಿದು, ರಸ್ತೆಯ ಕಡೆ ಮುಖ ಮಾಡಿದ.

ಚಂದ್ರಭಾಗಾ ಸಹಿ ಮಾಡಿದಳು. ಅಕ್ಷರ ಸೊಟ್ಟಾಯಿತು. ಅಂಬಾರಾಯನ ಅಕ್ಷರವೂ ಸೊಟ್ಟಗಾಯಿತು.

"ಆತೇನು?" ಅಣ್ಣ ತಿರುಗದೆ ಕೇಳಿದ.

"ಆತು, ಅಣ್ಣಾ."

"ಹಿಂದಿನ ಬಾಗಲಲೆ ಹೋಗ್ರಿ ಹಂಗಾರ. ಲಗೂನ."

ಅವಳು ಎರಡು ಹೆಜ್ಜೆ ಅವನತ್ತ ಇಟ್ಟಳು. ಅವನ ಭುಜಗಳು ಕಂಬಳಿಯೊಳಗೆ ಅಲುಗುತ್ತಿದ್ದವು.

"ಹೋಗವಾ," ಎಂದ ಹಣಮಂತಪ್ಪ. "ನಾ ಇಲ್ಲೇ ನಿಂತೀನಿ."