ಚಪ್ಪಾಳೆ ತಟ್ಟದ ಕೈಗಳು

“ಈ ವರ್ಷ ನನ್ನ ಮನಸ್ಸು ಗೆದ್ದ ಆಲ್ಬಮ್... ಕೊರಿನ್ ಮತ್ತವಳ ಬಳಗದ್ದು!”

ಸೈಲಸ್‌ನ ಮಾತು ಮುಗಿಯುವ ಮೊದಲೇ ಬರ್ಲಿಂಗ್ಟನ್ನಿನ ಆ ಪುಟ್ಟ ರೆಕಾರ್ಡ್ ಅಂಗಡಿ ಸಿಳ್ಳೆ, ಕೇಕೆಗಳಿಂದ ತುಂಬಿಹೋಯಿತು. ಕೀಬೋರ್ಡ್ ನುಡಿಸುವ ಕೊರಿನ್ ಓಡಿಬಂದು ಅವನ ಕೊರಳಿಗೆ ಜೋತುಬಿದ್ದಳು.

ಬಾಗಿಲ ಬಳಿ ನಿಂತಿದ್ದ ಒಡೆಟ್ ಸೇಬಿನ ಬಿಸಿ ಸೈಡರಿನ ಲೋಟವನ್ನು ತುಟಿಯಿಂದ ಕೆಳಗಿಳಿಸಿದಳು.

ಐದು ಹೆಸರು... ಐದರಲ್ಲಿ ಒಂದಾದರೂ ನನ್ನದಾಗಬಾರದಿತ್ತೇ?

ಸ್ಥಳೀಯ ರೇಡಿಯೊದಲ್ಲಿ ಜಾಮ್ ಬ್ಯಾಂಡ್‌ಗಳ ಸಂಗೀತ ಕೇಳಿಸುವ ಸೈಲಸ್, ವರ್ಷದ ಮೆಚ್ಚಿನ ಐದು ಆಲ್ಬಮ್‌ಗಳನ್ನು ಪ್ರತಿ ಡಿಸೆಂಬರಿನಲ್ಲಿ ಈ ಅಂಗಡಿಯಲ್ಲೇ ನಿಂತು ಸಾರುತ್ತಿದ್ದ. ಒಂದೇ ಹಾಡನ್ನು ಅರ್ಧ ಗಂಟೆ ಬೆಳೆಸುತ್ತ, ಮುಂದಿನ ಸ್ವರ ಯಾವುದೆಂದು ತಾವೇ ಅರಿಯದೆ ನುಡಿಸುವ ಆ ಕಲಾವಿದರಿಗೆ ಅವನ ಮೆಚ್ಚುಗೆಯೆಂದರೆ ಕಿರೀಟ. ಗಿಟಾರ್ ವಾದಕಿ ಒಡೆಟ್ ಬಯಸಿದ್ದು ಕಿರೀಟವನ್ನಲ್ಲ. ಕಾರ್ಯಕ್ರಮ ಮುಗಿದ ಮೇಲೆ ತನ್ನನ್ನು ಮನೆಗೆ ಬಿಡುವಾಗ ದಾರಿಯುದ್ದಕ್ಕೂ ಮೌನವಾಗಿರುವ ಆ ಮನುಷ್ಯನ ಮನಸ್ಸನ್ನು!

“ಏನೇ ಒಡೆಟ್, ಸೈಡರ್ ಹುಳಿಯಾಗಿದ್ಯಾ? ಮುಖ ಹಾಗ್ ಮಾಡ್ಕೊಂಡಿದೀಯ!” ಕೊರಿನ್ ನಕ್ಕಳು.

“ಸೈಡರ್ ಚೆನ್ನಾಗೇ ಇದೆ. ಇಲ್ಲಿನ ಗಾಳಿನೇ ಸರಿಯಿಲ್ಲ.”

ಒಡೆಟ್ ಲೋಟವನ್ನು ಕುಕ್ಕಿ ಹೊರನಡೆದಳು. ಬೀದಿಯಲ್ಲಿ ಹಿಮ ಉದುರುತ್ತಿತ್ತು. ಹಿಂದಿನಿಂದ ಅವಸರದ ಹೆಜ್ಜೆಗಳು...

“ಒಡೆಟ್! ನಿಂತ್ಕೊ... ಕೋಟಾದ್ರೂ ಹಾಕ್ಕೊಳೆ!”

“ಹೋಗಿ ಅವಳಿಗೆ ಹೊದಿಸು! ಕೊರಳಿಗೆ ಬಿದ್ದವಳಿಗೆ ಚಳಿ ಆಗ್ತಿರುತ್ತೆ.”

ಸೈಲಸ್ ಕಕ್ಕಾಬಿಕ್ಕಿಯಾದ. “ಲಿಸ್ಟಿಗೋಸ್ಕರ ಇಷ್ಟೊಂದು ಕೋಪಾನಾ?”

“ಬರೀ ಲಿಸ್ಟಾ? ಹೋದ ತಿಂಗಳು ಅವಳ ಷೋಗೆ ನಾನೂ ಬಂದಿದ್ದೆ ಕಣೋ. ಮುಂದಿನ ಸಾಲಲ್ಲಿ ನಿಂದು ಏನ್ ಕುಣಿತ, ಏನ್ ಚಪ್ಪಾಳೆ! ನನ್ನ ಷೋನಲ್ಲಿ ಮಾತ್ರ ಹಿಂದ್ಗಡೆ ಕಂಬದ ಥರ ನಿಂತಿರ್ತೀಯ. ಒಂದು ಸಲ... ಒಂದೇ ಒಂದು ಸಲ ನಂಗೆ ಚಪ್ಪಾಳೆ ತಟ್ಟಿದೀಯಾ?”

ಕೊನೆಯ ಮಾತಿಗೆ ಅವಳ ದನಿ ಒಡೆಯಿತು. ಛೆ, ಇವನ ಮುಂದೆ ಅಳಬಾರದಿತ್ತು...

ಸೈಲಸ್ ಒಂದು ಹೆಜ್ಜೆ ಹತ್ತಿರ ಬಂದ.

“ಮೈಕಿನ ಪಕ್ಕ ನಿಂತು ಹೇಗೆ ತಟ್ಟಲಿ, ಒಡೆಟ್?”

“ಯಾವ ಮೈಕು?”

“ಹಿಂದ್ಗಡೆ ಅಭಿಮಾನಿಗಳು ಕಂಬಗಳ ಮೇಲೆ ಮೈಕು ಕಟ್ಟಿ ಷೋ ರೆಕಾರ್ಡ್ ಮಾಡ್ತಾರಲ್ಲ, ಅದ್ರಲ್ಲಿ ಒಂದು ನಂದು. ನಿನ್ನ ಒಂದು ಷೋನೂ ನಾನು ಬಿಟ್ಟಿಲ್ಲ.”

ವೇದಿಕೆಯ ದೀಪಗಳು ಕಣ್ಣಿಗೆ ಕುಕ್ಕುವಾಗ ಅವಳಿಗೆ ಕಾಣುತ್ತಿದ್ದುದು ತಲೆಗಳ ಮೇಲೆದ್ದು ನಿಂತ ಮೈಕುಗಳ ತೋಪು, ಅದರ ನಡುವೆ ಅಲ್ಲಾಡದೆ ನಿಂತ ಸೈಲಸ್‌ನ ನೆರಳು, ಅಷ್ಟೇ. ಯಾವ ಮೈಕು ಯಾರದೆಂದು ತಿಳಿಯುತ್ತಿರಲಿಲ್ಲ. ಆ ತೋಪಿನ ಕಟ್ಟಳೆಯನ್ನು ಮಾತ್ರ ಅವಳು ಚೆನ್ನಾಗಿ ಬಲ್ಲಳು. ಅಲ್ಲಿ ನಿಂತವನು ಚಪ್ಪಾಳೆ ತಟ್ಟಬಾರದು, ಕೂಗಬಾರದು, ಕೆಮ್ಮು ಬಂದರೂ ನುಂಗಿಕೊಳ್ಳಬೇಕು. ಇಲ್ಲವಾದರೆ ಸಂಗೀತ ಮುಳುಗಿ ಅವನ ಸದ್ದೇ ಉಳಿಯುತ್ತದೆ. ಬಲ್ಲವಳೇ ಅದನ್ನು ಮರೆತಿದ್ದಳು! ಹೊಟ್ಟೆಯ ಕಿಚ್ಚು ಬುದ್ಧಿಗೆ ಹೊಗೆ ಕವಿಸಿತ್ತು.

“ಮತ್ತೆ... ಕೊರಿನ್ ಷೋಗೆ?”

“ಅಲ್ಲಿಗೆ ಮೈಕು ತಗೊಂಡ್ ಹೋಗಲ್ಲ. ಖುಷಿಯಾಗಿ ಕುಣೀತೀನಿ, ಮನೆಗೆ ಬಂದು ಮಲಗ್ತೀನಿ.”

“ಹಾಗಾದ್ರೆ ನನ್ನ ಆಲ್ಬಮ್ ಯಾಕೆ ಬೇಡವಾಯ್ತು?” ಅವಳು ಸುಲಭವಾಗಿ ಸೋಲುವವಳಲ್ಲ.

ಸೈಲಸ್ ತಲೆ ತಗ್ಗಿಸಿದ. “ಅದ್ರಲ್ಲಿ ನುಡಿಸ್ತಾ ನುಡಿಸ್ತಾ ನೀನು ಎಲ್ಲಿಗೋ ಹೊರಡ್ತೀಯ... ಅಷ್ಟರಲ್ಲೇ ಹಾಡು ಮುಗಿಸಿಬಿಟ್ಟಿದಾರೆ. ಅಲ್ಲಿಂದ ಮುಂದೆ ನೀನು ಎಲ್ಲೆಲ್ಲಿಗೆ ಹೋಗ್ತೀಯ ಅಂತ ಷೋಗಳಲ್ಲಿ ನಾನು ಕೇಳಿದೀನಲ್ಲ! ಅದನ್ನ ಕೇಳಿದವನು ಇದೇ ಚೆಂದ ಅಂತ ಹೇಗೆ ಹೇಳಲಿ?”

ಅವಳಿಗೆ ನೋವಾಯಿತು. ಆ ನೋವಿನ ಅಡಿಯಲ್ಲಿ ಏನೋ ಹಗುರವಾಯಿತು. ರೆಕಾರ್ಡ್ ಕಂಪನಿಯವರು ಆ ಹಾಡನ್ನು ಕತ್ತರಿಸಿದ ದಿನ ಅವಳು ಊಟ ಬಿಟ್ಟು ಅತ್ತಿದ್ದಳು. ಬೇರೆ ಯಾರೂ ಆ ಗಾಯವನ್ನು ಗುರುತಿಸಿರಲಿಲ್ಲ.

“ಅಷ್ಟೆಲ್ಲಾ ರೆಕಾರ್ಡ್ ಮಾಡಿ ಏನ್ ಮಾಡ್ತೀಯ?”

“ಕೇಳ್ತೀನಿ. ಅಡುಗೆ ಮಾಡುವಾಗ, ಹಿಮ ಬಾಚುವಾಗ... ಇಡೀ ವರ್ಷ ನಾನು ಕೇಳಿದ್ದು ಅದನ್ನೇ. ಅದು ಅಂಗಡಿಯಲ್ಲಿ ಸಿಗಲ್ಲ, ಅದಕ್ಕೆ ಲಿಸ್ಟಲ್ಲಿಲ್ಲ.”

“ಒಂದು ಮಾತು ಹೇಳ್ಬಾರ್ದಿತ್ತಾ, ಪೆದ್ದ!”

“ಪ್ರತಿ ಷೋನಲ್ಲೂ ಗಂಟಲಿಗೆ ಬರುತ್ತೆ. ನುಂಗ್ತೀನಿ. ಕಾರಲ್ಲಿ ನೀನು ಪಕ್ಕ ಕೂತಾಗ್ಲೂ... ನುಂಗಿ ನುಂಗಿ ಅದೇ ಅಭ್ಯಾಸವಾಗೋಯ್ತು.”

“ಈಗ ಹೇಳು.”

ಅವನ ಕಿವಿಗಳು ಕೆಂಪಾದವು. ಹೊರಟುಹೋಗುವನೇನೋ ಎಂದು ಅವಳು ಅವನ ತೋಳು ಹಿಡಿದಳು.

“ನೀನಂದ್ರೆ ನಂಗೆ ಪ್ರಾಣ, ಒಡೆಟ್.”

ಬೀದಿ, ಹಿಮ, ಜನ, ಒಂದೂ ಅವಳಿಗೆ ಕಾಣಲಿಲ್ಲ. ಅವನ ಕೋಟಿನೊಳಕ್ಕೆ ಸರಿದು ಎದೆಗೆ ಹಣೆಯೊತ್ತಿದಳು.

“ನಂಗೂ ಕಣೋ... ಯಾವಾಗಿಂದಲೋ.”

ಕೋಟಿನೊಳಗಿಂದಲೇ ಮತ್ತೆ ಅವಳ ದನಿ ಬಂತು. “ನಾಳೆ ಕೊರಿನ್ ಷೋ ಇದೆ ಅಲ್ವಾ?”

“ಇದೆ... ಬೇಡ ಅಂದ್ರೆ ಹೋಗಲ್ಲ.”

“ಹೋಗೋಣ. ನಾನೂ ಬರ್ತೀನಿ, ನಿನ್ನ ಪಕ್ಕದಲ್ಲೇ ನಿಲ್ತೀನಿ.”

“ಕುಣೀತೀಯಾ?”

“ಅವಳು ಚೆನ್ನಾಗಿ ನುಡಿಸಿದ್ರೆ ಕುಣೀತೀನಿ. ನಿನ್ನ ಕಡೆ ನೋಡಿ ನಕ್ಕಳೋ... ಇಬ್ರೂ ಮನೆಗೆ!”