ಹಸಿರು ದೀಪದ ಡಬ್ಬಿ

ಒಂಬತ್ತನೆಯ ಹೆಂಗಸು ಮಾತು ಮುಗಿಸುವ ಮೊದಲೇ ಪರ್ಯಾಪ್ತಿಸೂಚಕದ ದೀಪ ಹಸಿರಾಯಿತು. ಮೃದುಲಾ ಪುಸ್ತಕ ಮುಚ್ಚಿದಳು.

ಎಲೆ-ಅಡಿಕೆ ಡಬ್ಬಿಯಷ್ಟು ದೊಡ್ಡ ಉಪಕರಣ ಅದು. ಕ್ಷೇತ್ರಕಾರ್ಯದಲ್ಲಿ ಸಂದರ್ಶನಗಳನ್ನು ಎಲ್ಲಿ ನಿಲ್ಲಿಸಬೇಕು ಎಂಬುದು ಹಳೆಯ ತೊಡಕು. ದಣಿದವರು ಬೇಗ ನಿಲ್ಲಿಸುತ್ತಿದ್ದರು, ಆಸೆಬುರುಕರು ನಿಲ್ಲಿಸುತ್ತಲೇ ಇರಲಿಲ್ಲ. ಧಾರವಾಡದ ಡಾ. ಗುರುಸಿದ್ದ ಹಂಚಿನಮನಿ ಅದಕ್ಕೊಂದು ಪರಿಹಾರ ಕಂಡುಹಿಡಿದರು. ಅವರ ಯಂತ್ರ ಪ್ರತಿಯೊಬ್ಬರ ಮಾತನ್ನೂ ಹಿಂದಿನ ಎಲ್ಲರ ಮಾತಿನೊಡನೆ ಹೋಲಿಸುತ್ತದೆ. ಹೊಸದೇನಾದರೂ ಕೇಳಿದರೆ ದೀಪ ಕೆಂಪು, ಹಿಂದೆ ಕೇಳಿದ್ದೇ ಬಂದರೆ ಹಸಿರು. ಸಾಲಾಗಿ ಮೂರು ಹಸಿರು ಬಿದ್ದರೆ ಪರ್ಯಾಪ್ತಿ, ಅಂದರೆ ಕೇಳಿದ್ದು ಸಾಕು, ಅಧ್ಯಯನ ಮುಗಿದಂತೆ.

ಮೃದುಲಾಳಿಗೆ ಆ ಯಂತ್ರ ಅನುಕೂಲವಾಗಿತ್ತು. ಅವಳು ಪ್ರಶ್ನೆ ಓದುತ್ತಿದ್ದಳು, ಕೇಳುವ ಕೆಲಸ ಡಬ್ಬಿಯದಾಗಿತ್ತು.

ಅಂಕೋಲೆಯ ಕಡೆಯ ಆ ಮೀನುಗಾರರ ಕೇರಿಯಲ್ಲಿ ಹನ್ನೆರಡು ಹೆಂಗಸರ ಗಂಡಂದಿರು ಕಡಲಿಗೆ ಹೋಗಿ ಮರಳಿರಲಿಲ್ಲ. ಹೆಣಗಳೂ ಸಿಕ್ಕಿರಲಿಲ್ಲ. ಅವರಿಗಾಗಿ ಅಲ್ಲೊಂದು ಆಪ್ತಸಲಹಾ ಕೇಂದ್ರ ಬೇಕೋ ಬೇಡವೋ ಎಂದು ಅವಳ ವರದಿ ಹೇಳಬೇಕಾಗಿತ್ತು. ಈಗ ಮೂರು ಹಸಿರು ಬಿದ್ದಿದ್ದವು, ಆ ಮೂವರೂ ತೊಂದರೆಯಿಲ್ಲ ಎಂದಿದ್ದರು. ಬೇಡ ಎಂದು ಬರೆದರೆ ಮುಗಿಯಿತು. ಮತ್ತೆ ಯಾರೂ ಅವರನ್ನು ಕೇಳಲು ಬರುವುದಿಲ್ಲ.

ಫೋನಿನಲ್ಲಿ ಡಾಕ್ಟರು ಖುಷಿಯಾಗಿದ್ದರು. "ಹಸಿರು ಬಿದ್ದ ಮ್ಯಾಲೆ ಮತ್ಯಾಕ ಕೂಡ್ತಿ? ಬಂದುಬಿಡು" ಎಂದರು.

ಆದರೆ ಪಟ್ಟಿಯ ಹತ್ತನೆಯವಳು, ಸೋಮಿ ಹರಿಕಂತ್ರ, ಒಣಹಾಕಿದ ಮೀನಿನ ಪಕ್ಕ ಬೆಳಗಿನಿಂದ ಕಾದು ಕುಳಿತಿದ್ದಳು. ತಲೆ ಬಾಚಿ ಅಬ್ಬಲಿಗೆ ಮುಡಿದಿದ್ದಳು. ಇನ್ನು ಬೇಕಾಗಿಲ್ಲ ಎಂದು ಮೃದುಲಾ ತಿಳಿಸಿದಾಗ ಅವಳ ಮುಖ ಸಣ್ಣದಾಯಿತು.

"ನಂದು ಬ್ಯಾಡ್ವ ಅಕ್ಕೋರೆ? ನಾನು ಕಲ್ತ್‌ಕಂಡು ಬಂದಿದ್ದೆ."

ಏನು ಕಲಿತು ಬಂದೆ ಎಂದು ಕೇಳುತ್ತ ಮೃದುಲಾ ಕುಳಿತಳು. ಡಬ್ಬಿಯನ್ನು ಆರಿಸುವುದನ್ನು ಮರೆತಿದ್ದಳು.

ಸೋಮಿ ಶಾಲೆಯ ಹುಡುಗಿಯಂತೆ ಒಪ್ಪಿಸಿದಳು. "ಹೋದವ್ರು ಹೋದ್ರು. ಮಕ್ಳು ಅವೆ, ಮೀನು ಅದೆ. ದಿನ ಹೋಗ್ತದೆ. ಈಗ ಎಂತದೂ ತೊಂದ್ರೆ ಇಲ್ಲ."

ದೀಪ ಹಸಿರಾಯಿತು. ಸೋಮಿ ಹೆಮ್ಮೆಯಿಂದ ಅದನ್ನೇ ನೋಡಿದಳು.

ಮೃದುಲಾ ಹಿಂದಿನ ಪುಟಗಳನ್ನು ತಿರುವಿದಳು. ಏಳನೆಯವಳು, ಎಂಟನೆಯವಳು, ಒಂಬತ್ತನೆಯವಳು. ಅದೇ ಮಾತು, ಅದೇ ಕ್ರಮ. ಬರೆದ ಕೈ ಅವಳದೇ, ಗಮನಿಸಿರಲಿಲ್ಲ. ಇದನ್ನು ಹೇಳಿಕೊಟ್ಟವರು ಯಾರು ಎಂದು ಕೇಳಿದಳು.

ಸೋಮಿ ಸ್ವಲ್ಪ ಹೊತ್ತು ಮೀನು ಮಗುಚಿದಳು. ಆಮೇಲೆ ಎಲ್ಲ ಹೇಳಿದಳು. ಮೊದಲ ದಿನ ಮಾತಾಡಿದವಳು ಬುಡ್ಡಮ್ಮ. ಅವಳು ತನ್ನ ಸಂಕಟವನ್ನೆಲ್ಲ ತೋಡಿಕೊಳ್ಳುವಾಗ ಅಕ್ಕೋರ ಪೆನ್ನು ನಿಂತುಹೋಗಿತ್ತಂತೆ. ಅಕ್ಕೋರು ಚಪ್ಪಲಿ ಬಿಟ್ಟು ಒಳಗೆ ಬಂದಾಗ ಬುಡ್ಡಮ್ಮ ಅವರ ಕಾಲನ್ನೂ ನೋಡಿದ್ದಳು. ಕಾಲುಂಗುರ ಇರಲಿಲ್ಲ. ಅದು ಇದ್ದ ಜಾಗದ ಬಿಳಿ ಗೆರೆ ಮಾತ್ರ ಇತ್ತು. ಅಂದು ಸಂಜೆಯೇ ಹೆಂಗಸರು ನೀರಿನ ಕಟ್ಟೆಯ ಬಳಿ ಸೇರಿ ತೀರ್ಮಾನಿಸಿದ್ದರು. ದಿನದಿನಕ್ಕೆ ಕಮ್ಮಿ ಹೇಳುತ್ತ ಬಂದು, ಕೊನೆಗೆ ಇಷ್ಟಕ್ಕೆ ಇಳಿಸಿದ್ದರು.

"ಹೊತ್ತ್‌ಕಂಡೇ ಬಂದವ್ರ ತಲೆಮ್ಯಾಲೆ ನಮ್ದೂ ಎಂತಕ್ಕೆ ಹೊರ್ಸೂದು? ಹಸ್ರು ಬಂದ್ರೆ ನೀವು ಬೇಗ ಮನೆಗೆ ಹೋಗ್ತ್ರಿ ಅಂತ."

ಡಾಕ್ಟರ ಯಂತ್ರ ಅಳೆದದ್ದು ಅವರ ಕರುಣೆಯನ್ನು. ಅದಕ್ಕೆ ಅದು ಪರ್ಯಾಪ್ತಿ ಎಂದು ಹೆಸರು ಕೊಟ್ಟಿತ್ತು.

"ನಿಮ್ಮವ್ರು ಹೋಗಿ ಎಷ್ಟು ದಿನ ಆಯ್ತು?" ಸೋಮಿ ಕೇಳಿದಳು.

"ನಾಲ್ಕು ತಿಂಗಳು."

ಸೋಮಿ ಕಾದಳು. ಯಾವ ಕೈಪಿಡಿಯೂ ಕಲಿಸಲಾರದ ಹಾಗೆ ಕಾದಳು.

"ಅವರು ತುಂಬ ಗೊರಕೆ ಹೊಡೀತಿದ್ರು" ಎಂದಳು ಮೃದುಲಾ. ದನಿ ಎಂದಿನಂತೆಯೇ ಇತ್ತು. "ಹೋದ ಮೊದಲ ವಾರ ನನಗೆ ಚೆನ್ನಾಗಿ ನಿದ್ದೆ ಬಂತು. ಇದನ್ನು ಯಾರಿಗೂ ಹೇಳಿಲ್ಲ."

ತೊಡೆಯ ಮೇಲಿದ್ದ ಡಬ್ಬಿಯ ದೀಪ ಕೆಂಪಾಯಿತು. ಯಾರು ಕೇಳುವವರು, ಯಾರು ಹೇಳುವವರು ಎಂಬ ಭೇದ ಅದಕ್ಕೆ ತಿಳಿಯದು.

"ನಂಗೂ ಬಂದಿತ್ತು, ನಿದ್ದೆ" ಎಂದಳು ಸೋಮಿ, ಮೀನಿನ ಮೇಲಿನ ನೊಣ ಓಡಿಸುತ್ತ. "ಆಮೇಲೆ ಹೋಯ್ತು."

ಅರ್ಧ ಗಂಟೆಯಲ್ಲಿ ಡಾಕ್ಟರ ಫೋನು ಬಂತು. ಅವರ ಪರದೆಯಲ್ಲೂ ಕೆಂಪು ಕಾಣಿಸಿತ್ತು. ನಿಯಮದ ಪ್ರಕಾರ ಬಿದ್ದ ಹಸಿರೆಲ್ಲ ರದ್ದು, ಎಲ್ಲರನ್ನೂ ಮೊದಲಿನಿಂದ ಮಾತಾಡಿಸಬೇಕು. ಅವರ ದನಿಯಲ್ಲಿ ಬೇಸರವಿತ್ತು. ಹೊಸ ಮಾತು ಹೇಳಿದ ಮಾಹಿತಿದಾರರ ಕ್ರಮಸಂಖ್ಯೆ ಎಷ್ಟು ಎಂದು ಕೇಳಿದರು.

"ಹದಿಮೂರು."

"ಪಟ್ಟಿಯೊಳಗ ಹನ್ನೆರಡಽ ಮಂದಿ ಇದ್ರಲ್ಲ?"

"ಹೌದು ಸರ್" ಎಂದಳು ಮೃದುಲಾ.

ಫೋನು ಇಟ್ಟು, ಚಪ್ಪಲಿ ಬಿಟ್ಟು, ಅವಳು ಬುಡ್ಡಮ್ಮನ ಮನೆಯ ಕಡೆಗೆ ಮರಳಿನಲ್ಲಿ ಬರಿಗಾಲಲ್ಲಿ ನಡೆದಳು.